ಹಳೆಯ ಎಂಜಿನ್‌ಗೆ ವಾಲ್ವ್ ಟ್ರೇನ್ ಭಾಗಗಳು: ಯಾವುದು ಹೊಸದು, ಯಾವುದು ಉಳಿಸಬಹುದು?

ಪ್ರಶ್ನೆ: ಸುಮಾರು ಐವತ್ತು ವರ್ಷ ಹಳೆಯ ಕಾರಿನ ನಾಲ್ಕು ಸಿಲಿಂಡರ್ ಪೆಟ್ರೋಲ್ ಎಂಜಿನ್ ಬಿಚ್ಚಿದ್ದೇನೆ. ಪುಶ್‌ರಾಡ್ ಮಾದರಿ, ಹೆಡ್ ಬೀಡುಕಬ್ಬಿಣದ್ದು, ಟ್ಯಾಪೆಟ್‌ಗಳು ಚಪ್ಪಟೆ ತಳದವು, ಹೈಡ್ರಾಲಿಕ್ ಅಲ್ಲ. ಕ್ಯಾಮ್‌ನ ಎರಡು ಲೋಬ್ ಸವೆದಿವೆ, ಎಕ್ಸಾಸ್ಟ್ ವಾಲ್ವ್‌ಗಳು ಸೀಟಿನೊಳಗೆ ಇಳಿದುಹೋಗಿವೆ. ಸ್ವಲ್ಪ ಹೆಚ್ಚು ಲಿಫ್ಟ್ ಇರುವ ಕ್ಯಾಮ್ ಹಾಕೋಣ ಅಂದುಕೊಂಡಿದ್ದೇನೆ. ಟ್ಯಾಪೆಟ್‌ಗಳು ನೋಡಲು ಚೆನ್ನಾಗಿವೆ, ಅವನ್ನೇ ಬಳಸಬಹುದೇ? ಗಟ್ಟಿ ಸ್ಪ್ರಿಂಗ್ ಹಾಕಿದರೆ ಒಳ್ಳೆಯದೇ? ಯಾವ ಭಾಗಗಳನ್ನು ಹೊಸದಾಗಿ ಕೊಳ್ಳಬೇಕು?

ಉತ್ತರ: ಹೊಸಬರಿಗಾಗಿ ಒಂದು ಮಾತು: ಕ್ಯಾಮ್ ಎಂಬ ತಿರುಗುವ ಶಾಫ್ಟಿನ ಮೂತಿ ಚಾಚಿದ ಲೋಬ್‌ಗಳು ಟ್ಯಾಪೆಟ್ ಎಂಬ ತುಂಡನ್ನು ಎತ್ತುತ್ತವೆ, ಅದು ಪುಶ್‌ರಾಡ್ ಎಂಬ ಕಡ್ಡಿಯನ್ನು ತಳ್ಳುತ್ತದೆ, ಅದು ರಾಕರ್ ಎಂಬ ಸನ್ನೆಯ ಮೂಲಕ ವಾಲ್ವನ್ನು ತೆರೆಯುತ್ತದೆ, ಸ್ಪ್ರಿಂಗ್ ಅದನ್ನು ಮತ್ತೆ ಹೆಡ್‌ನಲ್ಲಿರುವ ಸೀಟಿನ ಮೇಲೆ ಕೂರಿಸುತ್ತದೆ. ಇವೆಲ್ಲ ಸೇರಿ ವಾಲ್ವ್ ಟ್ರೇನ್. ಎತ್ತುವ ಅಳತೆಯೇ ಲಿಫ್ಟ್. ಇನ್ನು ಟ್ಯಾಪೆಟ್ ವಿಷಯ ಮೊದಲು ಮುಗಿಸೋಣ. ಹೊಸ ಕ್ಯಾಮ್‌ಗೆ ಹಳೆಯ ಟ್ಯಾಪೆಟ್ ಖಂಡಿತ ಹಾಕಬೇಡಿ, ಒಂದನ್ನೂ ಹಾಕಬೇಡಿ. ಉಳಿದ ಭಾಗಗಳಲ್ಲಿ ಎಷ್ಟೋ ಉಳಿತಾಯ ಮಾಡಬಹುದು, ಇಲ್ಲಿ ಮಾತ್ರ ಆಗದು.

ಚಪ್ಪಟೆ ತಳದ ಟ್ಯಾಪೆಟ್ ಎಂದು ಕರೆದರೂ ಹೊಸ ಟ್ಯಾಪೆಟ್‌ನ ತಳ ಚಪ್ಪಟೆಯಾಗಿರುವುದಿಲ್ಲ. ನಡುವೆ ಸುಮಾರು 0.05 ಮಿ.ಮೀ. ಉಬ್ಬಿರುತ್ತದೆ. ಕ್ಯಾಮ್‌ನ ಲೋಬನ್ನೂ ಒಂದು ಬದಿಗೆ ಕೂದಲೆಳೆಯಷ್ಟು ಇಳಿಜಾರಾಗಿ ಗ್ರೈಂಡ್ ಮಾಡಿರುತ್ತಾರೆ. ಈ ಉಬ್ಬು ಮತ್ತು ಇಳಿಜಾರು ಸೇರಿ ಟ್ಯಾಪೆಟ್ ತನ್ನ ಬೋರಿನಲ್ಲಿ (ಅದು ಕೂರುವ ತೂತಿನಲ್ಲಿ) ಗಿರಗಿರನೆ ತಿರುಗುವಂತೆ ಮಾಡುತ್ತವೆ. ತಿರುಗುತ್ತಿದ್ದರೆ ಉಜ್ಜು ಇಡೀ ತಳಕ್ಕೆ ಹಂಚಿಹೋಗುತ್ತದೆ. ತಿರುಗುವುದು ನಿಂತಿತೋ, ಒಂದೇ ಗೆರೆಯ ಮೇಲೆ ಉಜ್ಜಿ ಉಜ್ಜಿ ಗಂಟೆಯೊಳಗೇ ಲೋಬಿನ ಮೂತಿ ತಿಂದುಹೋಗಬಹುದು. ಹಳೆಯ ಟ್ಯಾಪೆಟ್ ತನ್ನ ಹಳೆಯ ಲೋಬಿಗೆ ಹೊಂದಿಕೊಂಡು ಸವೆದು ಉಬ್ಬು ಕಳೆದುಕೊಂಡಿರುತ್ತದೆ. ಅದು ಹೊಸ ಲೋಬಿನ ಮೇಲೆ ತಿರುಗುವುದಿಲ್ಲ.

ನೋಡಲು ಚೆನ್ನಾಗಿವೆ ಎಂದಿದ್ದೀರಿ. ಎರಡು ಟ್ಯಾಪೆಟ್‌ಗಳನ್ನು ತಳಕ್ಕೆ ತಳ ತಾಗಿಸಿ ಬೆಳಕಿಗೆ ಹಿಡಿಯಿರಿ. ಉಬ್ಬು ಉಳಿದಿದ್ದರೆ ಅವು ಒಂದರ ಮೇಲೊಂದು ತುಸು ತೂಗುತ್ತವೆ, ಬೆಳಕು ಅಂಚಿನಲ್ಲಿ ಕಾಣುತ್ತದೆ. ನಡುವೆ ಬೆಳಕಿನ ಗೆರೆ ಕಂಡರೆ ತಳ ತಗ್ಗಾಗಿದೆ ಎಂದರ್ಥ. ತಳದಲ್ಲಿ ವೃತ್ತಾಕಾರದ ಗುರುತಿನ ಬದಲು ಅಡ್ಡಗೆರೆ ಇದ್ದರೆ ಆ ಟ್ಯಾಪೆಟ್ ತಿರುಗುವುದನ್ನು ಎಂದೋ ನಿಲ್ಲಿಸಿದೆ. ನಿಮ್ಮ ಸವೆದ ಎರಡು ಲೋಬಿನ ಮೇಲಿದ್ದವು ಬಹುಶಃ ಹಾಗೆಯೇ ಇರುತ್ತವೆ. ಅವೆರಡರ ಬೋರನ್ನು ವಿಶೇಷವಾಗಿ ಗಮನಿಸಿ: ಹೊಸ ಟ್ಯಾಪೆಟ್‌ಗೆ ಎಣ್ಣೆ ಸವರಿ ಬಿಟ್ಟರೆ ತನ್ನ ಭಾರಕ್ಕೇ ನಿಧಾನವಾಗಿ ಇಳಿಯಬೇಕು, ಬೆರಳಲ್ಲಿ ತಿರುಗಿಸಿದರೆ ಸಲೀಸಾಗಿ ತಿರುಗಬೇಕು. ಬೋರಿನ ಸಡಿಲ ಸಾಮಾನ್ಯವಾಗಿ 0.025ರಿಂದ 0.05 ಮಿ.ಮೀ. ಇರುತ್ತದೆ. ಬೋರಿನ ತುದಿಯಲ್ಲಿ ಚೂರು ಎದ್ದಿದ್ದರೂ ಟ್ಯಾಪೆಟ್ ಹಿಡಿಯುತ್ತದೆ, ಹೊಸ ಕ್ಯಾಮ್‌ಗೂ ಹಳೆಯದರ ಗತಿಯೇ ಬರುತ್ತದೆ.

ಕ್ಯಾಮ್ ಮತ್ತು ಟ್ಯಾಪೆಟ್ ಎರಡನ್ನೂ ಒಬ್ಬರೇ ತಯಾರಕರಿಂದ, ಇದಕ್ಕೆ ಇದು ಎಂದು ಅವರು ಹೇಳುವ ಜೋಡಿಯಾಗಿ ಕೊಳ್ಳಿ. ಬೀಡುಕಬ್ಬಿಣದಲ್ಲೇ ಹಲವು ಬಗೆ, ಹದಗೊಳಿಸುವ ವಿಧಾನಗಳೂ ಹಲವು. ಎರಡೂ ಒಳ್ಳೆಯ ಲೋಹವೇ ಆಗಿದ್ದರೂ ಒಂದರ ಮೇಲೊಂದು ಉಜ್ಜುವಾಗ ಹೊಂದದೆ ಹೋಗಬಹುದು. ಹಳೆಯ ಕ್ಯಾಮನ್ನೇ ಮರುಗ್ರೈಂಡ್ ಮಾಡಿಸುವುದೂ ಸರಿಯಾದ ದಾರಿಯೇ. ಅದಕ್ಕೆ ಸವೆತ ಮೇಲ್ಪದರದ ಗಟ್ಟಿತನವನ್ನು ದಾಟಿ ಒಳಗೆ ಹೋಗಿರಬಾರದು, ಗ್ರೈಂಡ್ ಆದ ಮೇಲೆ ಫಾಸ್ಫೇಟ್ ಲೇಪನವೂ ಆಗಬೇಕು. ಆ ಕಪ್ಪು ಲೇಪನ ಮೊದಲ ಓಟದಲ್ಲಿ ಎಣ್ಣೆಯನ್ನು ಹಿಡಿದಿಡುತ್ತದೆ. ಮರುಗ್ರೈಂಡ್ ಮಾಡಿಸಿದರೂ ಟ್ಯಾಪೆಟ್ ಹೊಸದೇ ಬೇಕು, ಇಲ್ಲವೇ ಉಬ್ಬು ಸಮೇತ ತಳ ಮರುಗ್ರೈಂಡ್ ಆಗಿರಬೇಕು.

ಹೆಚ್ಚು ಲಿಫ್ಟ್ ಇರುವ ಕ್ಯಾಮ್ ಬೇಡವೆನ್ನುವುದಿಲ್ಲ. ಆದರೆ ಕ್ಯಾಮ್ ಒಂದನ್ನು ಬದಲಿಸಿದರೆ ಅದರ ಮೇಲೆ ಕುಳಿತ ಎಲ್ಲದರ ಲೆಕ್ಕವೂ ಬದಲಾಗುತ್ತದೆ. ಲೋಬಿನ ಲಿಫ್ಟನ್ನು ರಾಕರ್‌ನ ಅನುಪಾತದಿಂದ ಗುಣಿಸಿದರೆ ವಾಲ್ವ್‌ನ ಲಿಫ್ಟ್ ಸಿಗುತ್ತದೆ. ಲೋಬ್ 7 ಮಿ.ಮೀ., ರಾಕರ್ 1.5 ಆದರೆ ವಾಲ್ವ್ 10.5 ಮಿ.ಮೀ. ತೆರೆಯುತ್ತದೆ. ರಾಕರ್ ಮತ್ತು ವಾಲ್ವ್ ನಡುವೆ ಬಿಡುವ ಸಣ್ಣ ಸಂದಾದ ಲ್ಯಾಶ್‌ನಷ್ಟನ್ನು ಅದರಲ್ಲಿ ಕಳೆಯಬೇಕು. ರಸ್ತೆಯ ಮೇಲೆ ಓಡಿಸುವ ಹಳೆಯ ಕಾರಿಗೆ ಮೂಲ ಅಳತೆಗಿಂತ ಅರ್ಧ-ಮುಕ್ಕಾಲು ಮಿಲಿಮೀಟರಿಗಿಂತ ಹೆಚ್ಚು ಲಿಫ್ಟ್ ಬಯಸಬೇಡಿ ಎಂಬುದು ನಮ್ಮ ಅಭಿಪ್ರಾಯ. ವಾಲ್ವ್ ತೆರೆದಿರುವ ಅವಧಿ ಜಾಸ್ತಿ ಇರುವ ಕ್ಯಾಮ್ ಹಾಕಿದರೆ ಕೆಳಗಿನ ಆರ್‌ಪಿಎಂನಲ್ಲಿ ಎಳೆತ ಕಡಿಮೆಯಾಗುತ್ತದೆ, ಐಡಲ್ ಕುಂಟುತ್ತದೆ. ಹಳೆಯ ಕಾರಿನ ಗೇರ್ ಅನುಪಾತಗಳು ಕೆಳಗಿನ ಎಳೆತವನ್ನೇ ನಂಬಿಕೊಂಡಿರುತ್ತವೆ.

ಈಗ ಹೆಡ್. ಎಕ್ಸಾಸ್ಟ್ ಸೀಟ್ ಇಳಿದಿರುವುದಕ್ಕೆ ಕಾರಣ ಹೆಚ್ಚಾಗಿ ಸೀಸವಿಲ್ಲದ ಪೆಟ್ರೋಲ್. 1920ರ ದಶಕದಿಂದ ಆಕ್ಟೇನ್ ಹೆಚ್ಚಿಸಲು ಪೆಟ್ರೋಲಿಗೆ ಬೆರೆಸುತ್ತಿದ್ದ ಸೀಸ, ಉರಿದ ಮೇಲೆ ವಾಲ್ವ್ ಮತ್ತು ಸೀಟಿನ ನಡುವೆ ತೆಳುವಾದ ಪದರವಾಗಿ ಕೂರುತ್ತಿತ್ತು. ಕಾರುಗಳಿಗೆ ಅಂಥ ಪೆಟ್ರೋಲ್ ಮಾರುತ್ತಿದ್ದ ಕೊನೆಯ ದೇಶವೂ 2021ರಲ್ಲಿ ನಿಲ್ಲಿಸಿತು. ಆ ಪದರವಿಲ್ಲದಾಗ ಕಾದ ವಾಲ್ವ್ ಮೆತ್ತನೆಯ ಬೀಡುಕಬ್ಬಿಣದ ಸೀಟಿಗೆ ಕ್ಷಣಮಾತ್ರ ಬೆಸೆದುಕೊಂಡು ಕಿತ್ತುಕೊಳ್ಳುತ್ತದೆ, ಪ್ರತಿ ಸಲವೂ ಸೀಟಿನ ಕಣಗಳು ಹೋಗುತ್ತವೆ. ಹೆಚ್ಚು ಹೊತ್ತು ವೇಗವಾಗಿ ಓಡಿಸಿದಷ್ಟೂ ಸವೆತ ಬೇಗ. ಇನ್‌ಲೆಟ್ ಸೀಟಿಗೆ ತಣ್ಣನೆಯ ಮಿಶ್ರಣ ತಾಗುವುದರಿಂದ ಅಲ್ಲಿ ಈ ತೊಂದರೆ ಅಪರೂಪ.

ಸೀಟ್ ಚೆನ್ನಾಗಿದ್ದು ಕಾರು ಮೆಲ್ಲಗೆ ಓಡುವುದಾದರೆ ಹೆಡ್ ಕೊರೆಯದೆ ಬಿಡುವುದೇ ಲೇಸು. ನಿಮ್ಮದು ಈಗಾಗಲೇ ಇಳಿದಿರುವುದರಿಂದ ನಾಲ್ಕೂ ಎಕ್ಸಾಸ್ಟ್‌ಗೆ ಗಟ್ಟಿ ಸೀಟ್ ರಿಂಗ್ ಹಾಕಿಸಿ. ರಿಂಗ್ ಕೂರಿಸುವ ಹಳ್ಳ ರಿಂಗಿಗಿಂತ ತುಸು ಚಿಕ್ಕದಿರಬೇಕು. ಬೀಡುಕಬ್ಬಿಣದಲ್ಲಿ ಈ ಬಿಗಿ ಸಾಮಾನ್ಯವಾಗಿ 0.08ರಿಂದ 0.13 ಮಿ.ಮೀ., ಅಲ್ಯೂಮಿನಿಯಂ ಹೆಡ್ ಆಗಿದ್ದರೆ ಇನ್ನೂ ಹೆಚ್ಚು. ರಿಂಗ್ ತಯಾರಕರು ಕೊಟ್ಟ ಅಳತೆ ಇದ್ದರೆ ಅದೇ ಅಂತಿಮ. ಬಿಗಿ ಸಾಲದಿದ್ದರೆ ರಿಂಗ್ ಬಿಸಿಗೆ ಕಳಚಿ ಸಿಲಿಂಡರಿಗೆ ಬೀಳುತ್ತದೆ. ಹಳ್ಳ ಆಳವಾದರೆ ನೀರಿನ ಜಾಕೆಟ್‌ಗೆ ತೂತು ಬೀಳುತ್ತದೆ. ಒಳಗೆ ತುಕ್ಕು ತಿಂದು ತೆಳುವಾದ ಹಳೆಯ ಹೆಡ್‌ಗಳಲ್ಲಿ ಈ ಅಪಾಯ ನಿಜವಾದದ್ದು. ಆದ್ದರಿಂದ ಕೊರೆಯುವ ಮೊದಲೂ ನಂತರವೂ ಪ್ರೆಷರ್ ಟೆಸ್ಟ್ ಮಾಡಿಸಿ.

ಕೆಲಸದ ಕ್ರಮ ತಪ್ಪಬಾರದು: ಮೊದಲು ಗೈಡ್ (ವಾಲ್ವ್ ಕಾಂಡ ಜಾರುವ ಕೊಳವೆ), ಆಮೇಲೆ ಸೀಟ್. ಸೀಟ್ ಕತ್ತರಿಸುವ ಕಟರ್‌ನ ಪೈಲಟ್ ಎಂಬ ದಾರಿತೋರುವ ಕಡ್ಡಿ ಗೈಡಿನೊಳಗೇ ಕೂರುತ್ತದೆ. ಗೈಡ್ ಸವೆದು ಅಲ್ಲಾಡುತ್ತಿದ್ದರೆ ಸೀಟ್ ಓರೆಯಾಗುತ್ತದೆ, ಎಷ್ಟು ಪೇಸ್ಟ್ ಹಾಕಿ ಉಜ್ಜಿದರೂ ವಾಲ್ವ್ ಕೂರುವುದಿಲ್ಲ. ಗೈಡ್ ಸವೆಯುವುದು ಎರಡು ತುದಿಗಳಲ್ಲಿ, ಗಂಟೆಯ ಬಾಯಿಯಂತೆ. ಹಾಗಾಗಿ ನಡುವೆ ಮಾತ್ರ ಅಳೆದು ಸರಿಯಿದೆ ಎನ್ನಬೇಡಿ, ಮೂರು ಕಡೆ ಅಳೆಯಿರಿ. ಎಂಟು ಮಿಲಿಮೀಟರ್ ಕಾಂಡದ ವಾಲ್ವ್‌ಗೆ ಇನ್‌ಲೆಟ್‌ನಲ್ಲಿ 0.025ರಿಂದ 0.05, ಎಕ್ಸಾಸ್ಟ್‌ನಲ್ಲಿ 0.05ರಿಂದ 0.075 ಮಿ.ಮೀ. ಸಡಿಲ ಸಾಮಾನ್ಯ. ಎಕ್ಸಾಸ್ಟ್ ಕಾಂಡ ಹೆಚ್ಚು ಹಿಗ್ಗುತ್ತದೆ, ಅಲ್ಲಿ ಬಿಗಿ ಮಾಡಿದರೆ ಕಾದಾಗ ವಾಲ್ವ್ ಗೈಡಿನಲ್ಲಿ ಹಿಡಿದು ನಿಂತು ಪುಶ್‌ರಾಡ್ ಬಾಗುತ್ತದೆ. ಗೈಡ್ ಬೀಡುಕಬ್ಬಿಣದ್ದೋ ಕಂಚಿನದ್ದೋ ಎಂದು ತುಂಬಾ ತಲೆ ಕೆಡಿಸಿಕೊಳ್ಳಬೇಕಿಲ್ಲ. ಬೀಡುಕಬ್ಬಿಣದ ಹೆಡ್‌ಗೆ ಅದೇ ಲೋಹದ ಗೈಡ್ ಸಾಕು. ಕಂಚು ಶಾಖವನ್ನು ಚೆನ್ನಾಗಿ ಸಾಗಿಸುತ್ತದೆ, ಆದರೆ ಯಾವ ಕಂಚಿಗೆ ಕ್ರೋಮ್ ಲೇಪಿಸಿದ ಕಾಂಡವೇ ಬೇಕು ಎಂಬುದನ್ನು ಕೇಳಿ ತಿಳಿಯಬೇಕಾಗುತ್ತದೆ.

ಎಕ್ಸಾಸ್ಟ್ ವಾಲ್ವ್‌ಗಳನ್ನು ಹೊಸದಾಗಿ ಕೊಳ್ಳಿ. 21-4ಎನ್ ಎಂಬ ಸ್ಟೇನ್‌ಲೆಸ್ ಉಕ್ಕು ಇದಕ್ಕೆ ಒಗ್ಗಿದ ಲೋಹ. 21 ಪಾಲು ಕ್ರೋಮಿಯಂ, 4 ಪಾಲು ನಿಕ್ಕಲ್ ಇರುತ್ತದೆ, ಆಯಸ್ಕಾಂತ ಅದರ ತಲೆಗೆ ಹಿಡಿಯುವುದಿಲ್ಲ. ಇದು ಕಾಯಿಸಿ ಅದ್ದಿದರೆ ಗಟ್ಟಿಯಾಗುವ ಉಕ್ಕಲ್ಲ, ಆದ್ದರಿಂದ ಕಾಂಡದ ತುದಿಗೆ ಬೇರೆ ಗಟ್ಟಿ ಲೋಹ ಬೆಸೆದಿರಬೇಕು. ತುದಿಯ ಮೇಲೆ ಅರ ಇಟ್ಟು ತುಸು ಎಳೆಯಿರಿ: ಜಾರಿದರೆ ಗಟ್ಟಿ ಇದೆ, ಕಚ್ಚಿದರೆ ಆ ವಾಲ್ವ್ ಬೇಡ. ಇನ್‌ಲೆಟ್ ವಾಲ್ವ್ ಹಳೆಯದೇ ನಡೆಯುತ್ತದೆ, ಕಾಂಡ ಸವೆಯದೆ ನೆಟ್ಟಗಿದ್ದು ಮುಖ ಗ್ರೈಂಡ್ ಆದ ಮೇಲೆ ಅಂಚಿನ ದಪ್ಪ ಒಂದು ಮಿಲಿಮೀಟರ್ ಆಸುಪಾಸು ಉಳಿದಿದ್ದರೆ. ಅಂಚು ಚಾಕುವಿನಂತೆ ತೆಳುವಾದ ವಾಲ್ವ್ ಕಾದು ಕೆಂಪಾಗಿ ಮಿಶ್ರಣವನ್ನು ಹೊತ್ತಿಗೆ ಮುಂಚೆ ಹೊತ್ತಿಸುತ್ತದೆ. ಸೀಟ್ ತಾಗುವ ಪಟ್ಟಿಯ ಅಗಲ ಇನ್‌ಲೆಟ್‌ಗೆ 1.2ರಿಂದ 1.5, ಎಕ್ಸಾಸ್ಟ್‌ಗೆ 1.5ರಿಂದ 2 ಮಿ.ಮೀ. ಇರಲಿ. ಎಕ್ಸಾಸ್ಟ್ ವಾಲ್ವ್ ತನ್ನ ಶಾಖದ ಬಹುಪಾಲನ್ನು ಈ ಪಟ್ಟಿಯ ಮೂಲಕವೇ ಹೆಡ್‌ಗೆ ದಾಟಿಸುತ್ತದೆ. ಹೆಚ್ಚು ಗಾಳಿ ಹಾಯಲಿ ಎಂದು ಪಟ್ಟಿ ಕಿರಿದು ಮಾಡಿದರೆ ವಾಲ್ವ್ ಸುಡುತ್ತದೆ.

ಸ್ಪ್ರಿಂಗಿನ ಮೇಲಿನ ಬಿಲ್ಲೆಯನ್ನು (ರಿಟೇನರ್) ಕಾಂಡಕ್ಕೆ ಹಿಡಿದಿಡುವ ಚಿಕ್ಕ ಬೆಣೆಗಳಾದ ಕಾಟರ್‌ಗಳನ್ನು ವಾಲ್ವ್ ಜೊತೆಗೇ ಹೊಸದು ತೆಗೆದುಕೊಳ್ಳಿ. ಕಾಟರ್ ಮತ್ತು ರಿಟೇನರ್‌ನ ಕೋನ 7 ಡಿಗ್ರಿಯೂ ಇರುತ್ತದೆ, 10 ಡಿಗ್ರಿಯೂ ಇರುತ್ತದೆ. ಒಂದರೊಳಗೆ ಇನ್ನೊಂದು ಕೂತಂತೆಯೇ ಕಾಣುತ್ತದೆ, ಓಡುವಾಗ ವಾಲ್ವ್ ಕಳಚಿ ಪಿಸ್ಟನ್ ಮೇಲೆ ಬಿದ್ದ ಮೇಲೆ ತಪ್ಪು ಗೊತ್ತಾಗುತ್ತದೆ. ಆಯಿಲ್ ಸೀಲ್ ಬಗ್ಗೆ ಎರಡೇ ಮಾತು: ಇನ್‌ಲೆಟ್‌ಗೆ ಒಳ್ಳೆಯ ವಿಟಾನ್ (ಶಾಖ ತಡೆಯುವ ರಬ್ಬರ್) ಸೀಲ್ ಹಾಕಿ, ಮೂಲದಲ್ಲಿ ಎಕ್ಸಾಸ್ಟ್‌ಗೆ ಸೀಲ್ ಇಲ್ಲದ ಎಂಜಿನ್ ಆಗಿದ್ದರೆ ಹೊಸದಾಗಿ ಬಿಗಿ ಸೀಲ್ ಸೇರಿಸಬೇಡಿ, ಗೈಡ್ ಒಣಗಿ ಬೇಗ ಸವೆಯುತ್ತದೆ.

ಸ್ಪ್ರಿಂಗ್ ಗಟ್ಟಿ ಇದ್ದಷ್ಟೂ ಒಳ್ಳೆಯದು ಎಂಬ ನಂಬಿಕೆಯೇ ಹೊಸ ಕ್ಯಾಮ್‌ಗಳನ್ನು ಹೆಚ್ಚು ಕೊಲ್ಲುವುದು. ಲೆಕ್ಕ ಹೀಗೆ: ಸ್ಪ್ರಿಂಗ್ ಕೂರಿಸಿದಾಗಿನ ಎತ್ತರ 40 ಮಿ.ಮೀ., ಆಗ ಸ್ಪ್ರಿಂಗಿನ ಒತ್ತಡ 30 ಕೆ.ಜಿ., ಪ್ರತಿ ಮಿಲಿಮೀಟರ್ ಅದುಮಿದರೆ 4 ಕೆ.ಜಿ. ಏರುತ್ತದೆ ಎಂದಿಟ್ಟುಕೊಳ್ಳಿ. ವಾಲ್ವ್ 10 ಮಿ.ಮೀ. ತೆರೆದಾಗ 70 ಕೆ.ಜಿ. 11 ತೆರೆದರೆ 74. ರಾಕರ್ ಅನುಪಾತದಿಂದಾಗಿ ಲೋಬಿನ ಮೇಲೆ ಬೀಳುವುದು ಇದರ ಒಂದೂವರೆ ಪಟ್ಟು, ಅಂದರೆ 111 ಕೆ.ಜಿ. ಅದು ಬೀಳುವ ಜಾಗವೋ ಉಗುರಿನ ಅಂಚಿನಷ್ಟು ಕಿರಿದು. ವೇಗ ಏರಿದಾಗ ವಾಲ್ವ್ ಕ್ಯಾಮ್‌ನ ಹಿಡಿತ ಬಿಟ್ಟು ತೇಲದಂತೆ ಹಿಡಿಯಲು ಎಷ್ಟು ಬೇಕೋ ಅಷ್ಟೇ ಒತ್ತಡ ಇರಬೇಕು. ಕ್ಯಾಮ್ ತಯಾರಕರು ಸೂಚಿಸಿದ ಸ್ಪ್ರಿಂಗ್ ಯಾವುದೋ ಅದನ್ನೇ ಹಾಕಿ, ಒಂದು ಮೆಟ್ಟಿಲು ಮೇಲಿನದು ಬೇಡ.

ಇನ್ನೊಂದು ಬಲೆ ಶಿಮ್‌ನಲ್ಲಿದೆ, ಅಂದರೆ ಸ್ಪ್ರಿಂಗಿನ ಕೆಳಗೆ ಇಡುವ ತೆಳು ಬಿಲ್ಲೆಯಲ್ಲಿ. ಸೀಟ್ ಕತ್ತರಿಸಿದಾಗ ವಾಲ್ವ್ ಒಂದು ಮಿಲಿಮೀಟರ್ ಮೇಲೆ ಸರಿದರೆ ಕೂರಿಸಿದ ಎತ್ತರ 41 ಆಗಿ ಒತ್ತಡ 26ಕ್ಕೆ ಇಳಿಯುತ್ತದೆ. ಆಗ ಒಂದು ಮಿಲಿಮೀಟರ್ ಶಿಮ್ ಹಾಕಿ 40ಕ್ಕೆ ತರುವುದು ಸರಿ. ವಾಲ್ವ್ ಸರಿಯದೆಯೇ ಒತ್ತಡ ಹೆಚ್ಚಲಿ ಎಂದು ಅದೇ ಶಿಮ್ ಹಾಕಿದರೆ ಎತ್ತರ 39, ಅದರಲ್ಲಿ 11 ಕಳೆದರೆ 28. ಸ್ಪ್ರಿಂಗಿನ ಸುರುಳಿಗಳು ಒಂದಕ್ಕೊಂದು ತಾಗುವುದು 27ರಲ್ಲಿ ಆದರೆ ಉಳಿದದ್ದು ಒಂದೇ ಮಿಲಿಮೀಟರ್. ಕನಿಷ್ಠ 1.5 ಬೇಕು. ರಿಟೇನರ್‌ನ ತಳ ಮತ್ತು ಗೈಡಿನ ಸೀಲ್ ನಡುವೆಯೂ ಪೂರ್ತಿ ತೆರೆದಾಗ ಅಷ್ಟೇ ಅಂತರ ಉಳಿಯಬೇಕು. ಹೊಸ ಗೈಡ್ ಮೂಲಕ್ಕಿಂತ ಎತ್ತರ ಕೂತಿದ್ದರೆ ಇಲ್ಲೇ ಹೊಡೆಯುತ್ತದೆ. ಪ್ರತಿ ವಾಲ್ವ್‌ನ ಎತ್ತರವನ್ನೂ ಬೇರೆಬೇರೆಯಾಗಿ ಅಳೆಯಿರಿ, ಎಂಟೂ ಒಂದೇ ಇರುವುದಿಲ್ಲ. ಹಳೆಯ ಸ್ಪ್ರಿಂಗನ್ನೇ ಬಳಸುವುದಾದರೆ ಒತ್ತಡ ನಿಗದಿಗಿಂತ ಶೇ. 10ರಷ್ಟು ಇಳಿದಿದ್ದರೆ, ಅಥವಾ ಎಲ್ಲಾದರೂ ತುಕ್ಕಿನ ಗುಳಿ ಇದ್ದರೆ ಬಿಸಾಡಿ. ಸ್ಪ್ರಿಂಗ್ ಮುರಿಯುವುದು ಆ ಗುಳಿಯಿಂದಲೇ.

ರಾಕರ್ ಶಾಫ್ಟನ್ನು ಹೊರತೆಗೆದು ತಳಭಾಗಕ್ಕೆ ಉಗುರು ಎಳೆದು ನೋಡಿ. ಒಂದು ಕಡೆಯಿಂದ ಪುಶ್‌ರಾಡ್, ಇನ್ನೊಂದು ಕಡೆಯಿಂದ ಸ್ಪ್ರಿಂಗ್, ಎರಡೂ ರಾಕರನ್ನು ಮೇಲಕ್ಕೇ ಒತ್ತುತ್ತವೆ. ಹೀಗಾಗಿ ಶಾಫ್ಟ್ ಸವೆಯುವುದು ಅಡಿಯಲ್ಲಿ, ಮೇಲಿಂದ ನೋಡಿದರೆ ಹೊಸದರಂತೆ ಫಳಫಳ ಇರುತ್ತದೆ. ಉಗುರಿಗೆ ಮೆಟ್ಟಿಲು ಸಿಕ್ಕರೆ ಶಾಫ್ಟ್ ಬದಲಿಸಿ, ರಾಕರ್‌ಗೆ ಹೊಸ ಬುಶ್ ಹಾಕಿಸಿ ರೀಮ್ ಮಾಡಿಸಿ. ಬುಶ್‌ನ ಎಣ್ಣೆ ತೂತು ರಾಕರ್‌ನ ತೂತಿಗೆ ಸರಿಯಾಗಿ ಬರಬೇಕು. ಶಾಫ್ಟ್ ತಿರುಗಾಮುರುಗಾ ಕೂತರೆ ಎಣ್ಣೆ ಬರುವ ದಾರಿಯೇ ಮುಚ್ಚಿಹೋಗಬಹುದು, ಬಿಚ್ಚುವ ಮೊದಲೇ ಗುರುತು ಹಾಕಿಕೊಳ್ಳಿ.

ರಾಕರ್ ವಾಲ್ವ್‌ಗೆ ತಾಗುವ ಮುಖದಲ್ಲಿ ಕಾಂಡದ ಅಗಲದಷ್ಟೇ ಗುಳಿ ಬಿದ್ದಿರುವುದು ಹಳೆಯ ಎಂಜಿನ್‌ನಲ್ಲಿ ತೀರಾ ಸಾಮಾನ್ಯ. ಇದರಿಂದ ಆಗುವ ಮೋಸ ಏನೆಂದರೆ, ಸಂದು ಅಳೆಯುವ ಫೀಲರ್ ಗೇಜಿನ ಪಟ್ಟಿ ಗುಳಿಯೊಳಗೆ ಇಳಿಯದೆ ಅದರ ಎರಡು ದಡದ ಮೇಲೆ ಸೇತುವೆಯಂತೆ ಕೂರುತ್ತದೆ. ನೀವು 0.30 ಮಿ.ಮೀ. ಎಂದು ಇಟ್ಟದ್ದು ನಿಜಕ್ಕೂ 0.40 ಇರಬಹುದು. ಲ್ಯಾಶ್ ಸರಿ ಇಟ್ಟರೂ ಟಕಟಕ ಸದ್ದು ಹೋಗುತ್ತಿಲ್ಲ ಎಂಬ ದೂರಿನ ಮೂಲ ಹೆಚ್ಚಾಗಿ ಇದೇ. ಗುಳಿ ಆಳವಿಲ್ಲದಿದ್ದರೆ ಅದೇ ಬಾಗು ಉಳಿಸಿಕೊಂಡು ಗ್ರೈಂಡ್ ಮಾಡಿಸಬಹುದು, ಆಳವಿದ್ದರೆ ಗಟ್ಟಿ ಪದರ ಹೋಗಿರುತ್ತದೆ, ರಾಕರನ್ನೇ ಬದಲಿಸಿ.

ಪುಶ್‌ರಾಡನ್ನು ಗಾಜಿನ ಮೇಲೆ ಉರುಳಿಸಿ. ಅಡಿಯಲ್ಲಿ ಬೆಳಕು ಮಿಣುಕಿದರೆ ಬಾಗಿದೆ. ತಟ್ಟಿ ನೆಟ್ಟಗೆ ಮಾಡುವ ವಸ್ತುವಲ್ಲ ಅದು. ಉದ್ದದ ಲೆಕ್ಕವನ್ನು ಮಾತ್ರ ಗಮನವಿಟ್ಟು ಮಾಡಿ. ಹೆಡ್‌ನ ತಳ ಸಮ ಮಾಡುವ ಫೇಸಿಂಗ್‌ನಲ್ಲಿ 0.4 ಮಿ.ಮೀ. ತೆಗೆದರೆ ರಾಕರ್ ಅಷ್ಟು ಕೆಳಗೆ ಬಂತು, ಪುಶ್‌ರಾಡ್ 0.4 ಉದ್ದವಾದಂತಾಯಿತು. ವಾಲ್ವ್ 0.3 ಒಳಗೆ ಸರಿದರೆ ಕಾಂಡದ ತುದಿ ಅಷ್ಟು ಎದ್ದಿತು, ಪುಶ್‌ರಾಡ್ ಕಡೆಗೆ ಅದು ಒಂದೂವರೆಯಿಂದ ಭಾಗಿಸಿ 0.2. ಮರುಗ್ರೈಂಡ್ ಆದ ಕ್ಯಾಮ್‌ನ ಬೇಸ್ ಸರ್ಕಲ್‌ನ (ಮೂತಿ ಬಿಟ್ಟು ಲೋಬಿನ ಉಳಿದ ದುಂಡು ಭಾಗದ) ತ್ರಿಜ್ಯ 0.5 ಕಡಿಮೆಯಾಗಿದ್ದರೆ ಪುಶ್‌ರಾಡ್ 0.5 ಗಿಡ್ಡವಾದಂತೆ. ಮೂರೂ ಕೂಡಿ ಕಳೆದರೆ 0.1 ಉದ್ದ, ಗಣನೆಗೇ ಇಲ್ಲ. ಹೊಸ ಕ್ಯಾಮ್ ಹಾಕಿದಿರಾದರೆ ಅದೇ 0.6. ನಿಮ್ಮ ಎಂಜಿನ್‌ನಲ್ಲಿ ಲ್ಯಾಶ್ ಹೊಂದಿಸುವ ಸ್ಕ್ರೂ ಇದನ್ನು ಹೀರಿಕೊಳ್ಳುತ್ತದೆ. ಹೈಡ್ರಾಲಿಕ್ ಟ್ಯಾಪೆಟ್ ಇದ್ದು ಸ್ಕ್ರೂ ಇಲ್ಲದ ಎಂಜಿನ್‌ನಲ್ಲಾದರೆ ಟ್ಯಾಪೆಟ್‌ನೊಳಗಿನ ಸಣ್ಣ ಪಿಸ್ಟನ್ (ಪ್ಲಂಜರ್) ಅಷ್ಟು ಹೆಚ್ಚು ಒಳಗೆ ಹೋಗುತ್ತದೆ. ಅಲ್ಲಿ ಅರ್ಧದಿಂದ ಒಂದು ಮಿಲಿಮೀಟರ್ ಒಳಗಿರುವುದು ಸಾಮಾನ್ಯ, ತಳ ಮುಟ್ಟಿತೋ ವಾಲ್ವ್ ಮುಚ್ಚುವುದೇ ಇಲ್ಲ.

ಸ್ಕ್ರೂ ಹೀರಿಕೊಂಡರೂ ರಾಕರ್‌ನ ನಿಲುವು ನೋಡಲೇಬೇಕು. ಕಾಂಡದ ತುದಿಗೆ ಗುರುತಿಗಾಗಿ ನೀಲಿ ಬಣ್ಣ ಬಳಿದು ಕೈಯಲ್ಲಿ ಎರಡು ಸುತ್ತು ತಿರುಗಿಸಿ. ಒರೆಸಿದ ಗುರುತು ತುದಿಯ ನಡುವೆ ಕಿರಿದಾಗಿ ಇರಬೇಕು. ಅಂಚಿಗೆ ಸರಿದಿದ್ದರೆ ರಾಕರ್ ವಾಲ್ವನ್ನು ಪ್ರತಿ ಸಲವೂ ಪಕ್ಕಕ್ಕೆ ತಳ್ಳುತ್ತದೆ, ಹೊಸ ಗೈಡ್ ಮತ್ತೆ ಗಂಟೆಯ ಬಾಯಿ ಆಗುತ್ತದೆ. ರಾಕರ್ ಪೀಠದ ಕೆಳಗೆ ಶಿಮ್ ಹಾಕಿ ಇದನ್ನು ಸರಿಪಡಿಸಬಹುದು, ಎಣ್ಣೆ ಹಾಯುವ ಪೀಠದ ಶಿಮ್‌ನಲ್ಲಿ ತೂತು ಇರಲಿ.

ಲಿಫ್ಟ್ ಹೆಚ್ಚಿಸಿ ಹೆಡ್ಡನ್ನೂ ಫೇಸ್ ಮಾಡಿಸಿದ ಮೇಲೆ ವಾಲ್ವ್ ಮತ್ತು ಪಿಸ್ಟನ್ ನಡುವಿನ ಅಂತರ ಅಳೆಯದೆ ಎಂಜಿನ್ ಮುಚ್ಚಬೇಡಿ. ಪಿಸ್ಟನ್ ತಲೆಗೆ ಜೇಡಿಮಣ್ಣು ಮೆತ್ತಿ, ಅದುಮಿದ ಹಳೆಯ ಗ್ಯಾಸ್ಕೆಟ್ ಇಟ್ಟು, ಲ್ಯಾಶ್ ಸೊನ್ನೆಗೆ ತಂದು ಎರಡು ಪೂರ್ತಿ ಸುತ್ತು ಕೈಯಲ್ಲಿ ತಿರುಗಿಸಿ, ಮಣ್ಣನ್ನು ಕತ್ತರಿಸಿ ತೆಳುವಾದ ಜಾಗ ಅಳೆಯಿರಿ. ಇನ್‌ಲೆಟ್‌ಗೆ 2, ಎಕ್ಸಾಸ್ಟ್‌ಗೆ 2.5 ಮಿ.ಮೀ.ಗಿಂತ ಕಡಿಮೆ ಇರಬಾರದು. ಟೈಮಿಂಗ್ ಚೈನ್ ಮತ್ತು ಎರಡೂ ಸ್ಪ್ರಾಕೆಟ್ ಹೊಸದು ಹಾಕಿ, ಸಡಿಲ ಚೈನ್ ಈ ಅಳತೆಯನ್ನೂ ಸುಳ್ಳು ಮಾಡುತ್ತದೆ.

ಇಷ್ಟೆಲ್ಲ ಹೇಳಿದ್ದು ಖರೀದಿಯ ಕ್ರಮಕ್ಕಾಗಿ. ಕ್ಯಾಮ್ ಮತ್ತು ಟ್ಯಾಪೆಟ್ ಮೊದಲು ತೀರ್ಮಾನಿಸಿ, ಹೆಡ್ ಲೇತ್‌ನಿಂದ ಗೈಡ್, ಸೀಟ್ ಮುಗಿಸಿಕೊಂಡು ಬರಲಿ, ವಾಲ್ವ್ ಕೂರಿಸಿ ಎತ್ತರ ಅಳೆದ ಮೇಲೆ ಸ್ಪ್ರಿಂಗ್, ಶಿಮ್ ಕೊಳ್ಳಿ. ಪುಶ್‌ರಾಡ್ ಎಲ್ಲಕ್ಕಿಂತ ಕೊನೆಗೆ.

ಮೊದಲ ಸ್ಟಾರ್ಟ್ ಬಗ್ಗೆ ನೀವು ಕೇಳಿಲ್ಲ, ಆದರೂ ಹೇಳಲೇಬೇಕು. ಲೋಬ್‌ಗಳಿಗೂ ಟ್ಯಾಪೆಟ್ ತಳಕ್ಕೂ ಕ್ಯಾಮ್ ಜೊತೆ ಬರುವ ಮಾಲಿಬ್ಡಿನಂ ಪೇಸ್ಟ್ ಹಚ್ಚಿ. ಇಗ್ನಿಷನ್ ಟೈಮಿಂಗ್ ಮೊದಲೇ ಇಟ್ಟು, ಕಾರ್ಬ್ಯುರೇಟರ್‌ನಲ್ಲಿ ಪೆಟ್ರೋಲ್ ತುಂಬಿ, ನೀರು ತುಂಬಿ, ಆಯಿಲ್ ಪಂಪನ್ನು ಹೊರಗಿನಿಂದ ತಿರುಗಿಸಲು ಬರುವುದಾದರೆ ತಿರುಗಿಸಿ ಎಣ್ಣೆ ಏರಿಸಿಕೊಳ್ಳಿ. ಸುಮ್ಮನೆ ಕ್ರ್ಯಾಂಕ್ ಮಾಡುತ್ತಾ ಹೋದರೆ ಪೇಸ್ಟ್ ಒರೆಸಿಹೋಗುತ್ತದೆ. ಹೊತ್ತಿದ ಕೂಡಲೇ 2000ದಿಂದ 2500 ಆರ್‌ಪಿಎಂಗೆ ಏರಿಸಿ 20-30 ನಿಮಿಷ ಅಲ್ಲೇ ತುಸು ಏರಿಳಿಸುತ್ತಾ ಇರಿ, ಐಡಲ್‌ಗೆ ಬಿಡಬೇಡಿ. ಲೋಬ್‌ಗಳಿಗೆ ಎಣ್ಣೆ ಸಿಗುವುದು ಹೆಚ್ಚಾಗಿ ಕ್ರ್ಯಾಂಕ್ ಎರಚಿದ್ದರಿಂದ, ಐಡಲ್‌ನಲ್ಲಿ ಅದು ಸಾಲದು. ಜೊತೆಗೆ ಲೋಬಿನ ಮೂತಿಯ ಮೇಲೆ ಸ್ಪ್ರಿಂಗಿನ ಪೂರ್ತಿ ಭಾರ ಬೀಳುವುದೂ ನಿಧಾನ ವೇಗದಲ್ಲೇ. ಲೋಬ್ ಸವೆಯದಿರಲು ಎಣ್ಣೆಯಲ್ಲಿ ಸತು-ರಂಜಕದ ಅಂಶ ಬೇಕು. 2004ರ ಎಪಿಐ (ಅಮೆರಿಕದ ಪೆಟ್ರೋಲಿಯಂ ಸಂಸ್ಥೆ) ಎಸ್‌ಎಂ ದರ್ಜೆಯಿಂದ 5ಡಬ್ಲ್ಯೂ-30, 10ಡಬ್ಲ್ಯೂ-30 ಮುಂತಾದ ತೆಳು ಎಣ್ಣೆಗಳಲ್ಲಿ ರಂಜಕವನ್ನು ಶೇ. 0.08ಕ್ಕೆ ಮಿತಿಗೊಳಿಸಿದ್ದಾರೆ, ಹೊಗೆ ಶುದ್ಧಗೊಳಿಸುವ ಕ್ಯಾಟಲಿಟಿಕ್ ಕನ್ವರ್ಟರ್ ಹಾಳಾಗದಿರಲೆಂದು. ಹಳೆಯ ಎಂಜಿನ್‌ಗೆಂದೇ ಮಾಡಿದ, ಸತು ಶೇ. 0.12ರ ಆಸುಪಾಸು ಇರುವ ಎಣ್ಣೆ ಹಾಕಿ. ಓಟ ಮುಗಿದ ಮೇಲೆ ಎಣ್ಣೆ, ಫಿಲ್ಟರ್ ಬದಲಿಸಿ.

ಆಮೇಲೆ ಎಂಟೂ ವಾಲ್ವ್‌ಗಳ ಲ್ಯಾಶ್ ಇಟ್ಟು ಕಾಗದದಲ್ಲಿ ಬರೆದಿಡಿ, 500 ಕಿ.ಮೀ.ಗೆ ಮತ್ತೆ ಅಳೆಯಿರಿ. ಎಲ್ಲವೂ 0.01-0.02 ಮಿ.ಮೀ.ನಷ್ಟು ಸರಿದಿದ್ದರೆ ಭಾಗಗಳು ಕೂತುಕೊಂಡಿವೆ ಅಷ್ಟೇ. ಒಂದೇ ವಾಲ್ವ್‌ನ ಲ್ಯಾಶ್ 0.30ರಿಂದ 0.45ಕ್ಕೆ ಹಿಗ್ಗಿದ್ದರೆ ಆ ಲೋಬ್ ತಿಂದುಹೋಗುತ್ತಿದೆ, ಸ್ಕ್ರೂ ತಿರುಗಿಸಿ ಮುಚ್ಚಿಡಬೇಡಿ, ಆ ಟ್ಯಾಪೆಟ್ ಹೊರತೆಗೆದು ತಳ ನೋಡಿ. ಎಕ್ಸಾಸ್ಟ್‌ನದು ಕುಗ್ಗುತ್ತಾ ಹೋದರೆ ಸೀಟ್ ಇಳಿಯುತ್ತಿದೆ, ರಿಂಗ್‌ನ ಕೆಲಸ ಮಾಡಿದವರ ಬಳಿ ಆ ಕಾಗದ ಸಮೇತ ಹೋಗಿ.